ನಾವು ಕುಡಿದ ನೈಂಟಿ

ನಾನು ಒಂದು ವೆನಿಲ್ಲಾ ಕೋಡು. ನೋಡಲು ಚೆಂದವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪಗೆ, ಉದ್ದಕ್ಕೆ, ಮೈಯೆಲ್ಲ ಸುಕ್ಕು. ಹಳೆಯ ಚಪ್ಪಲಿಯಿಂದ ಕಿತ್ತುಬಂದ ಬಾರು ಎಂದು ತಿಳಿದು ಒಬ್ಬಾಕೆ ನನ್ನನ್ನು ಎತ್ತಿ ಬಿಸಾಡಲು ಹೋಗಿದ್ದೂ ಉಂಟು. ಆದರೆ ನಿಮ್ಮ ಮನೆಗೆ ಹುಟ್ಟುಹಬ್ಬದ ಕೇಕು ಬಂದಾಗ, ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬರುತ್ತದಲ್ಲ, ಆ ಪರಿಮಳ ನಮ್ಮ ಕುಲದ್ದು. ಈಗ ಅದನ್ನೂ ಕಾರ್ಖಾನೆಯಲ್ಲಿ ಮಾಡಿ ಸಣ್ಣ ಸೀಸೆಗಳಲ್ಲಿ ಮಾರುತ್ತಾರೆ. ಹೆಸರು ಮಾತ್ರ ನಮ್ಮದು. ಅದಕ್ಕೆ ನನ್ನ ತಕರಾರಿಲ್ಲ. ಆ ಸೀಸೆಯೇ ಸಾಕು ಎಂದುಕೊಂಡು ಸಲೋಮಿ ಸುಮ್ಮನಿದ್ದಿದ್ದರೆ ಅವಳ ಸಂಸಾರ ಉಳಿಯುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ನಾನು ಹುಟ್ಟಿದ್ದು ಯಲ್ಲಾಪುರದ ಹತ್ತಿರ, ಶಾಲೆಯ ಮಾಸ್ತರರೊಬ್ಬರ ಹಿತ್ತಿಲಲ್ಲಿ. ಬೇಲಿಗೆಂದು ನೆಟ್ಟ ಗೊಬ್ಬರದ ಗಿಡವನ್ನು ತಬ್ಬಿಕೊಂಡು ನಮ್ಮ ಬಳ್ಳಿ ಹಬ್ಬಿತ್ತು. ನಮ್ಮ ಹೂವು ಬೆಳಿಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಯಾರಾದರೂ ಕೈಯಾರೆ ಪರಾಗ ಮುಟ್ಟಿಸಬೇಕು, ಇಲ್ಲದಿದ್ದರೆ ಸಂಜೆಗೆ ನೆಲದ ಪಾಲು. ಈ ಕೆಲಸ ಬಲ್ಲ ದುಂಬಿ ನಮ್ಮ ಸೀಮೆಯಲ್ಲಿಲ್ಲ. ಮಾಸ್ತರರ ಹೆಂಡತಿ ತುಂಗಕ್ಕ ಪೊರಕೆಯ ಕಡ್ಡಿಯೊಂದನ್ನು ಚೂಪು ಮಾಡಿಕೊಂಡು, ಸೊಸೆಯ ತಲೆಗೆ ಹೂ ಮುಡಿಸುವಷ್ಟು ಹಗುರವಾಗಿ ಹೂವಿನೊಳಗಿನ ಪೊರೆಯನ್ನು ಎತ್ತಿ, ಹೆಬ್ಬೆರಳಿನಿಂದ ಒಂದು ಸಲ ಒತ್ತಿದಳು. ನನ್ನ ಜನ್ಮ ಅಷ್ಟೇ. ನಾನು ಹೆಬ್ಬೆರಳಿಗೆ ಹುಟ್ಟಿದವನು.

ಒಂಬತ್ತು ತಿಂಗಳು ಬಳ್ಳಿಯಲ್ಲಿ ಜೋತಾಡಿದೆ. ಆಗ ನನಗೆ ಯಾವ ವಾಸನೆಯೂ ಇರಲಿಲ್ಲ, ಹಸಿ ಬೀನ್ಸಿಗೂ ನನಗೂ ವ್ಯತ್ಯಾಸವೇ ಇರಲಿಲ್ಲ. ಕೊಯ್ದ ಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಬಿಸಿನೀರಿನಲ್ಲಿ ಮುಳುಗಿಸಿದರು. ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೆವರಿಸಿದರು. ಮರುದಿನ ಬಿಸಿಲಿಗೆ ಹರವಿದರು, ಬಿಸಿಲು ಇಳಿಯುವ ಮೊದಲೇ ಮತ್ತೆ ಕಂಬಳಿಯೊಳಗೆ ಸೇರಿಸಿದರು. ವಾರಗಟ್ಟಲೆ ಇದೇ ಆಯಿತು. ಹಸಿರು ಹೋಗಿ ಕಂದಾದೆ, ಕಂದು ಹೋಗಿ ಕಪ್ಪಾದೆ. ಮೈಯಲ್ಲಿದ್ದ ನೀರೆಲ್ಲ ಹೋಗಿ ಬೆರಳಿನ ದಪ್ಪ ಇದ್ದವನು ಹುರಿಯಷ್ಟು ಸಣ್ಣಗಾದೆ. ಪರಿಮಳವೇನೋ ಬಂತು, ಅದರ ಜೊತೆಗೆ ಒಂದು ಬಾಯಾರಿಕೆಯೂ ಬಂತು. ಮನುಷ್ಯರಿಗೆ ಪರಿಮಳ ಮಾತ್ರ ಗೊತ್ತಾಗುತ್ತದೆ.

ನಮ್ಮನ್ನು ಇಪ್ಪತ್ತೈದು ಕೋಡುಗಳ ಕಟ್ಟು ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ‘೭೫ ಗ್ರಾಂ’ ಎಂದು ಬರೆದು, ತುಂಗಕ್ಕ ಹುಬ್ಬಳ್ಳಿಗೆ ತಂದಳು. ಅಲ್ಲಿ ಹೆಂಗಸರ ಸಂಘದವರದೊಂದು ಮಾರಾಟದ ಮೇಳ. ಒಂದು ಕಡೆ ಶೇಂಗಾ ಹಿಂಡಿ, ಇನ್ನೊಂದು ಕಡೆ ಕೌದಿ, ನಡುವೆ ನಾವು. ಎರಡು ದಿನ ಬಂದವರೆಲ್ಲ ನಮ್ಮನ್ನು ಕಂಡು ಮೂಗು ಮುರಿದು ಹೋದರು. ಮೂರನೆಯ ದಿನ ಸಲೋಮಿ ಬಂದಳು. ಚೀಲದ ಬಾಯಿ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣನ್ನು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಯಾರಾದರೂ ನನ್ನನ್ನು ಹಾಗೆ ಮೂಸಿದ್ದು ಅದೇ ಮೊದಲು, ನನಗೆ ಸ್ವಲ್ಪ ಜಂಬವೇ ಬಂತು.

ಸಲೋಮಿಗೆ ಆಗ ನಲವತ್ತೆರಡು ವರ್ಷ. ಕೇಶ್ವಾಪುರದ ಒಂದು ಸಣ್ಣ ಮನೆಯಲ್ಲಿ ಅವಳು, ಅವಳ ಗಂಡ ಪ್ರಭುದಾಸ, ಇಬ್ಬರೇ. ಮಕ್ಕಳಿಲ್ಲ. ಅವನು ರೈಲ್ವೆಯಲ್ಲಿ ಫಿಟ್ಟರ್. ಅವಳು ಮನೆಯಲ್ಲೇ ಕೇಕು ಮಾಡಿ ಕೊಡುತ್ತಿದ್ದಳು. ಅವಳ ಅಡುಗೆಮನೆಯಲ್ಲಿ ಅಂದಾಜು ಎಂಬುದೇ ಇರಲಿಲ್ಲ. ಹಿಟ್ಟಿಗೊಂದು ತೂಕ, ಬೆಣ್ಣೆಗೊಂದು ತೂಕ, ಹಾಲಿಗೊಂದು ಅಳತೆ. ‘ಕೇಕು ಕಣ್ಣಳತಿ ಕೇಳಂಗಿಲ್ಲ’ ಎನ್ನುತ್ತಿದ್ದಳು. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಚರ್ಚಿನ ಸಭೆಯವರೆಲ್ಲ ಆರಾಧನೆ ಮುಗಿಸಿ ಬಂದಾಗ ತಿನ್ನುವ ಕೇಕು ಅವಳ ಕೈಯದು. ಆ ವರ್ಷದ ಕೇಕಿಗೆ ಸೀಸೆಯ ಎಸೆನ್ಸ್ ಬೇಡ, ತಾನೇ ಕೋಡು ನೆನೆಸಿ ಸಾರ ತೆಗೆಯಬೇಕು ಎಂದು ಅವಳಿಗೆ ಆಸೆಯಾಗಿತ್ತು.

ಆಸೆಗೆ ಕಾರಣವಿತ್ತು. ಪ್ರಭುದಾಸ ಆ ವರ್ಷದ ಶುಭ ಶುಕ್ರವಾರದಂದು ಕುಡಿತ ಬಿಟ್ಟಿದ್ದ. ಹದಿನೈದು ವರ್ಷ ಕುಡಿದವನು. ಸಲೋಮಿಯ ಮೊದಲ ಓವನ್ನನ್ನು ಮಾರಿ ಕುಡಿದಿದ್ದ, ಒಂದು ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಹಾಡುವವರ ಸಾಲಿನಿಂದಲೇ ಕುಸಿದು ಬಿದ್ದಿದ್ದ. ಬಿಟ್ಟೆ ಬಿಟ್ಟೆ ಎಂದು ಬೈಬಲ್ ಮುಟ್ಟಿ, ಸತ್ತ ತಾಯಿಯ ಹೆಸರು ಹೇಳಿ ಆಣೆ ಮಾಡಿದ್ದಕ್ಕೆ ಲೆಕ್ಕವಿಲ್ಲ. ಈ ಸಲ ಆಣೆಯನ್ನೇ ಮಾಡಲಿಲ್ಲ, ಸುಮ್ಮನೆ ಬಿಟ್ಟ. ಅದಕ್ಕೇ ಸಲೋಮಿ ನಂಬಿದ್ದಳು. ಈ ಕ್ರಿಸ್‌ಮಸ್ಸಿಗೆ ಅವನು ಮತ್ತೆ ಆ ಸಾಲಿನಲ್ಲಿ ನಿಂತು ಹಾಡಬೇಕು, ಎಲ್ಲರೂ ಅವಳ ಕೇಕು ತಿನ್ನಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ನಮ್ಮ ಸಾರ ನೀರಿಗೆ ಬಿಡುವುದಿಲ್ಲ. ಅದಕ್ಕೆ ಬ್ರಾಂಡಿಯೋ ರಮ್ಮೋ ಬೇಕು. ಗಂಡನನ್ನು ಆ ಅಂಗಡಿಗೆ ಕಳಿಸುವಂತಿಲ್ಲ, ತಾನು ಹೋಗುವಂತಿಲ್ಲ. ಗಂಡನ ಅಣ್ಣ ಯೋಹಾನಪ್ಪನಿಗೆ ಹೇಳಿದಳು. ಸಭೆಯ ಹಿರಿಯರಲ್ಲಿ ಒಬ್ಬರು ಅವರು, ತೂಕದ ಮನುಷ್ಯ. ಮೇ ತಿಂಗಳ ಒಂದು ಸಂಜೆ ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

“ತಂಗಿ, ನೀ ಹೇಳಿದಿ ಅಂತ ತಂದೀನಿ. ಆದ್ರ ನನಗ ಮನಸ್ಸಿಲ್ಲ. ಅವ ಬಿಟ್ಟು ಎರಡು ತಿಂಗಳೂ ಆಗಿಲ್ಲ. ಇದನ್ನ ಮನ್ಯಾಗ ಯಾಕ ಇಡ್ತಿ?”

“ಇದು ಕುಡಿಯೂದಲ್ರಿ ಭಾವಾರ, ಕೇಕಿಗೆ ಹಾಕೂದು. ಈ ಕೋಡು ಇದರಾಗ ಆರು ತಿಂಗಳು ನೆನೀಬೇಕು.”

“ನಿನಗ ಅದು ಕೇಕಿಂದು. ಅವಗ ಬಾಟ್ಲಿ ಅಂದ್ರ ಬಾಟ್ಲಿ.”

ಆ ಮಾತು ಮುಗಿಯುವ ಹೊತ್ತಿಗೆ ಪ್ರಭುದಾಸ ಬಾಗಿಲಲ್ಲಿದ್ದ. ಕೇಳಿಸಿಕೊಂಡಿದ್ದ. ಸಲೋಮಿ ಬಾಟಲಿಯನ್ನು ಮುಚ್ಚಿಡಲಿಲ್ಲ. ಅವನ ಎದುರಿಗೇ ನಮ್ಮನ್ನು ಒಬ್ಬೊಬ್ಬರನ್ನಾಗಿ ಚಾಕುವಿನಿಂದ ಉದ್ದಕ್ಕೆ ಸೀಳಿದಳು. ಅಗಲ ಬಾಯಿಯ ಗಾಜಿನ ಬರಣಿಯೊಳಗೆ ನಿಲ್ಲಿಸಿದಳು. ಇನ್ನೂರೈವತ್ತು ಎಂ.ಎಲ್. ಅಳತೆಯ ಕಪ್ಪಿನಲ್ಲಿ ಮೂರು ಸಲ ಅಳೆದು ಬ್ರಾಂಡಿ ಸುರಿದಳು. ಬರಣಿಯ ಮೇಲೆ ಕಾಗದ ಅಂಟಿಸಿ ತಾರೀಖು ಬರೆದು ಕೆಳಗೆ ‘೭೫೦’ ಎಂದು ಬರೆದಳು. ಬರೆಯುವುದು ಅವಳ ಅಭ್ಯಾಸ, ಅದರಲ್ಲಿ ಅನುಮಾನವೇನೂ ಇರಲಿಲ್ಲ.

“ಕಪಾಟಿನ್ಯಾಗ ಇಡ್ತೀನಿ. ಕೀಲಿ ಹಾಕಂಗಿಲ್ಲ,” ಎಂದಳು. ಭಾವನಿಗೆ ಹೇಳಿದಳೋ ಗಂಡನಿಗೆ ಹೇಳಿದಳೋ, ಇಬ್ಬರಿಗೂ ಕೇಳಿಸಿತು. ಆಮೇಲೆ ಗಂಡನ ಕಡೆ ತಿರುಗಿದಳು. “ವಾರಕ್ಕೊಮ್ಮೆ ಇದನ್ನ ಅಲಗಾಡಿಸಬೇಕಂತ. ನನಗ ನೆನಪಿರೂದಿಲ್ಲ. ನೀವ ಮಾಡ್ರಿ.”

“ನಾನ?”

“ಹೂಂ. ನೀವ.”

ಪ್ರಭುದಾಸ ಬರಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಕಪಾಟಿನೊಳಗೆ ಇಟ್ಟ. ಯೋಹಾನಪ್ಪ ಚಹಾ ಕುಡಿಯದೆ ಹೋದರು.

ಇನ್ನು ನನ್ನ ತಪ್ಪು. ನಾವು ಇಪ್ಪತ್ತೈದು ಮಂದಿ ಬರಣಿಯೊಳಗೆ ಏನು ಮಾಡಿದೆವು? ಕುಡಿದೆವು. ವಾರಗಟ್ಟಲೆ ಬಿಸಿಲಲ್ಲಿ ಒಣಗಿದ್ದ ಮೈ, ಉದ್ದಕ್ಕೆ ಸೀಳಿದ ಹೊಟ್ಟೆ, ಸುತ್ತಲೂ ಬ್ರಾಂಡಿ. ಒಂದು ಕಡೆ ನಮ್ಮ ಪರಿಮಳವನ್ನು ಅದಕ್ಕೆ ಬಿಡುತ್ತಿದ್ದೆವು, ಇನ್ನೊಂದು ಕಡೆ ಅದನ್ನು ಒಳಗೆ ಎಳೆದುಕೊಳ್ಳುತ್ತಿದ್ದೆವು. ಹುರಿಯಂತಿದ್ದವನು ಎರಡು ವಾರದಲ್ಲಿ ಬೆರಳಿನಷ್ಟಾದೆ. ಎಂಥ ಸುಖ ಅಂತೀರಿ. ಯಾರದೋ ಮನೆಯ ಅಳತೆಯಲ್ಲಿ ಕೈ ಹಾಕುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಹೊರಗಿನಿಂದ ನೋಡಿದರೂ ತಿಳಿಯುತ್ತಿರಲಿಲ್ಲ, ಏಕೆಂದರೆ ಬ್ರಾಂಡಿ ಇಳಿದಷ್ಟೂ ನಾವು ಉಬ್ಬಿದ್ದೆವು. ಬರಣಿ ತುಂಬಿದ ಹಾಗೇ ಕಾಣುತ್ತಿತ್ತು.

ಭಾನುವಾರ ಚರ್ಚಿನಿಂದ ಬಂದ ಕೂಡಲೇ ಪ್ರಭುದಾಸ ಅಂಗಿಯ ತೋಳು ಮಡಚಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತು ಸಲ ಮೇಲೆ ಕೆಳಗೆ ಮಾಡುತ್ತಿದ್ದ. ಮೊದಲ ಭಾನುವಾರಗಳಲ್ಲಿ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಬೇರೆ ಅಲುಗಾಡಿಸುವ ಅಗತ್ಯವೇ ಇರಲಿಲ್ಲ. ಜೂನ್ ಕಳೆಯುವ ಹೊತ್ತಿಗೆ ನಡುಕ ಕಡಿಮೆಯಾಯಿತು. ಆಗಸ್ಟಿನಲ್ಲಿ ಅವನು ಬರಣಿ ಅಲುಗಾಡಿಸುತ್ತಾ ಮೆಲ್ಲಗೆ ಹಾಡತೊಡಗಿದ. ದಪ್ಪ, ಕೆಳದನಿ. ಗಾಜಿಗೆ ಅವನ ಎದೆ ತಾಗಿದಾಗ ಹಾಡು ನಮ್ಮ ಮೈಗೂ ಬರುತ್ತಿತ್ತು. ಕೆಲವು ಸಲ ನಮ್ಮ ಜೊತೆ ಮಾತೂ ಆಡುತ್ತಿದ್ದ.

“ಏನ್ರಪಾ, ಹ್ಯಾಂಗಿದೀರಿ? ನೀವು ಒಳಗ, ನಾ ಹೊರಗ. ಡಿಸೆಂಬರ್ ತನಕ ಇಬ್ರೂ ತಡಕೋಳೂಣು.”

ಸಲೋಮಿ ಒಲೆಯ ಕಡೆ ಮುಖ ಮಾಡಿಕೊಂಡೇ ನಗುತ್ತಿದ್ದಳು. ಆ ಮನೆಯಲ್ಲಿ ಹದಿನೈದು ವರ್ಷದಿಂದ ಭಾನುವಾರವೆಂದರೆ ಹೆದರಿಕೆಯ ದಿನವಾಗಿತ್ತು. ಈಗ ಅವಳು ಭಾನುವಾರಕ್ಕೆ ಕಾಯುತ್ತಿದ್ದಳು.

ಒಂದು ದಿನದ ವಿಷಯ ನಾನು ಹೇಳಲೇಬೇಕು. ಸೆಪ್ಟೆಂಬರಿನಲ್ಲಿ ಪ್ರಭುದಾಸನ ಹಳೆಯ ಗೆಳೆಯ ಜಾನ್ ಲಿವರ್ ಹೋಗಿ ಸತ್ತ. ಜೊತೆಗೆ ಕೂತು ಕುಡಿದವನು. ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆಯಲ್ಲಿ ಸಲೋಮಿ ಇರಲಿಲ್ಲ, ಯಾರಿಗೋ ಕೇಕು ಮುಟ್ಟಿಸಲು ಹೋಗಿದ್ದಳು. ಪ್ರಭುದಾಸ ಕಪಾಟು ತೆಗೆದು ಬರಣಿಯನ್ನು ಕಟ್ಟೆಯ ಮೇಲಿಟ್ಟ. ಮುಚ್ಚಳ ತಿರುಗಿಸಿ ತೆಗೆದ. ಬಗ್ಗಿ ಮೂಗಿಟ್ಟು ಉಸಿರೆಳೆದ. ಅವನ ಬಾಯಿ ನಮ್ಮಿಂದ ನಾಲ್ಕು ಬೆರಳು ದೂರದಲ್ಲಿತ್ತು. ನಾನು ನೋಡಿದ್ದೇನೆ, ಅವನು ಒಂದು ಹನಿಯನ್ನೂ ಮುಟ್ಟಲಿಲ್ಲ. ಬರಣಿಯ ಕುತ್ತಿಗೆ ಹಿಡಿದುಕೊಂಡು ನಿಂತಲ್ಲೇ ಅತ್ತ. ಆಮೇಲೆ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ, ಬರಣಿ ಒರೆಸಿ, ಒಳಗಿಟ್ಟು, ಮುಖ ತೊಳೆದುಕೊಂಡ. ಅದಕ್ಕಿಂತ ದೊಡ್ಡ ಗೆಲುವು ಅವನ ಬಾಳಿನಲ್ಲಿ ಇನ್ನೊಂದಿಲ್ಲ. ಅದಕ್ಕೆ ಸಾಕ್ಷಿ ಎಂದರೆ ನಾವೇ, ಬಾಯಿಲ್ಲದವರು.

ನವೆಂಬರಿನ ಕೊನೆಯ ವಾರ ಸಲೋಮಿ ಬರಣಿ ತೆಗೆದಳು. ಬೆಳಗಿನ ಹೊತ್ತು, ಅವನು ಡ್ಯೂಟಿಗೆ ಹೋಗಿದ್ದ. ಪಾತ್ರೆಯ ಮೇಲೆ ತೆಳು ಬಟ್ಟೆ ಕಟ್ಟಿ ಸುರಿದಳು. ಜೇನಿನ ಬಣ್ಣದ ಸಾರ ಇಳಿಯಿತು, ನಾವು ಬಟ್ಟೆಯ ಮೇಲೆ ಉಳಿದೆವು. ಮನೆಯೆಲ್ಲ ಪರಿಮಳ. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಒಬ್ಬಳೇ ನಕ್ಕಳು. ಸಣ್ಣ ಸೀಸೆಗಳಿಗೆ ತುಂಬಿಸಬೇಕಲ್ಲ, ಎಂದಿನಂತೆ ಅಳೆದಳು. ಒಂದು ಕಪ್ಪು ಇನ್ನೂರೈವತ್ತು. ಇನ್ನೊಂದು ಇನ್ನೂರೈವತ್ತು. ಮೂರನೆಯದು ನೂರ ಅರವತ್ತರ ಗೆರೆಗೆ ನಿಂತಿತು.

ಪಾತ್ರೆ ಬಗ್ಗಿಸಿ ನೋಡಿದಳು. ಕಪ್ಪನ್ನು ಸಮನಾದ ಜಾಗದಲ್ಲಿಟ್ಟು ಕಣ್ಣು ಗೆರೆಯ ಮಟ್ಟಕ್ಕೆ ತಂದು ನೋಡಿದಳು. ಎಲ್ಲವನ್ನೂ ಮತ್ತೆ ಸುರಿದು ಮೊದಲಿನಿಂದ ಅಳೆದಳು. ಆರುನೂರ ಅರವತ್ತು. ಕಡಿಮೆಯಾದದ್ದು ತೊಂಬತ್ತು.

ಬೇರೆ ಯಾವ ಸಂಖ್ಯೆಯಾಗಿದ್ದರೂ ಅವಳು ಇನ್ನೊಂದು ಸಲ ಯೋಚಿಸುತ್ತಿದ್ದಳೋ ಏನೋ. ತೊಂಬತ್ತು ಎಂದರೆ ಕುಡುಕನ ಹೆಂಡತಿಗೆ ಲೆಕ್ಕವಲ್ಲ, ಹೆಸರು. ಹದಿನೈದು ವರ್ಷ ಅವನ ಪ್ಯಾಂಟಿನ ಜೇಬಿನಲ್ಲಿ, ಸಂಡಾಸದ ಕಿಟಕಿಯಲ್ಲಿ, ಹಾಸಿಗೆಯ ಕೆಳಗೆ ಅವಳಿಗೆ ಸಿಕ್ಕಿದ್ದೆಲ್ಲ ತೊಂಬತ್ತು ಎಂ.ಎಲ್. ಹಿಡಿಯುವ ನೈಂಟಿಯ ಖಾಲಿ ಪ್ಯಾಕೆಟ್ಟುಗಳೇ. ಅವಳು ನೆಲದ ಮೇಲೆ ಕೂತುಬಿಟ್ಟಳು.

ಅವಳ ತಲೆಯ ಮೇಲಿನ ಕಟ್ಟೆಯಲ್ಲೇ ದೊಡ್ಡ ಡಬ್ಬಿಯಲ್ಲಿ ಒಣದ್ರಾಕ್ಷಿ ನೆನೆಯುತ್ತಿತ್ತು. ಗಂಡ ಕುಡಿತ ಬಿಟ್ಟ ವರ್ಷವೆಂದು ರಮ್ಮಿನ ಬದಲು ದ್ರಾಕ್ಷಿರಸದಲ್ಲಿ ನೆನೆಹಾಕಿದ್ದಳು. ಒಣದ್ರಾಕ್ಷಿ ರಸ ಕುಡಿದು ಉಬ್ಬುತ್ತದೆ, ಎರಡು ದಿನಕ್ಕೊಮ್ಮೆ ಮತ್ತೆ ಹಾಕಬೇಕು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಂದು ಬೆಳಿಗ್ಗೆಯೂ ಹಾಕಿದ್ದಳು. ನಾವೂ ಒಣಗಿದವರೇ, ನಾವೂ ಕುಡಿಯುತ್ತೇವೆ ಎಂದು ಅವಳಿಗೆ ಯಾಕೆ ಹೊಳೆಯಲಿಲ್ಲ? ನಾನು ಬಟ್ಟೆಯ ಮೇಲೆ ದಪ್ಪಗೆ ಉಬ್ಬಿ ಮಲಗಿದ್ದೆ. ಒಂದೇ ಒಂದು ಸಲ ಅವಳು ನನ್ನನ್ನು ಹಿಂಡಿದ್ದರೆ ಸಾಕಿತ್ತು.

ಸಂಜೆ ಪ್ರಭುದಾಸ ಬರುವ ಮೊದಲೇ ಯೋಹಾನಪ್ಪ ಬಂದು ಕೂತಿದ್ದರು. ಅವಳೇ ಫೋನು ಮಾಡಿ ಕರೆದಿದ್ದಳು. ಅದೂ ಒಂದು ತಪ್ಪು, ಗಂಡಹೆಂಡಿರ ನಡುವೆಯೇ ಇದ್ದಿದ್ದರೆ ಇನ್ನೊಂದು ದಾರಿ ಸಿಗುತ್ತಿತ್ತು. ಅವನು ಬೂಟು ಬಿಚ್ಚುತ್ತಾ ಗಾಳಿಯಲ್ಲಿ ಮೂಗಾಡಿಸಿದ.

“ಏನ್ ಮಸ್ತ್ ವಾಸನಿ ಬಿಟ್ಟೈತಿ. ಸೋಸಿದೇನು?”

ಸಲೋಮಿ ಅಳತೆಯ ಕಪ್ಪನ್ನು ಮೇಜಿನ ಮೇಲಿಟ್ಟಳು.

“ಏಳುನೂರ ಐವತ್ತು ಹಾಕಿದ್ದೆ. ಆರುನೂರ ಅರವತ್ತು ಬಂದೈತಿ.”

“ಅಂದ್ರ?”

“ನೀವ ಹೇಳ್ರಿ.”

ಅರ್ಥವಾದ ಮೇಲೆ ಅವನ ಮುಖ ನೋಡಲು ನನಗೆ ಆಗಲಿಲ್ಲ.

“ನಾ ಕುಡದಿಲ್ಲ ಸಲೋಮಿ.”

“ಮುಚ್ಚಳ ತಗದಿದ್ರೋ ಇಲ್ಲೋ? ಒಮ್ಮೆರ ತಗದಿದ್ರೋ ಇಲ್ಲೋ, ಅಷ್ಟ ಹೇಳ್ರಿ.”

ಇಲ್ಲ ಎಂದಿದ್ದರೆ ಬಚಾವಾಗುತ್ತಿದ್ದನೇನೋ. ಆದರೆ ಬಿಟ್ಟ ಮೇಲೆ ಅವನು ಸುಳ್ಳನ್ನೂ ಬಿಟ್ಟಿದ್ದ.

“ಒಮ್ಮೆ ತಗದಿದ್ದೆ. ಜಾನ್ ಸತ್ತ ದಿನ. ವಾಸನಿ ತಗೊಂಡು ಮುಚ್ಚಿದೆ. ಕುಡೀಲಿಲ್ಲ.”

ಯೋಹಾನಪ್ಪ ನಿಟ್ಟುಸಿರು ಬಿಟ್ಟರು. “ನೈಂಟಿ ಅಂದ್ರ ಸರಿಯಾಗೇ ಅಳತಿ ಐತಲ್ಲೋ ತಮ್ಮಾ. ವಾಸನಿ ತಗೊಂಡ್ರ ನೈಂಟಿ ಕಡಿಮಿ ಆಗ್ತೈತೇನು?” ಎಂದು, ಕಪಾಟಿನ ಮೇಲಿದ್ದ ಬೈಬಲ್ಲನ್ನು ತೆಗೆದು ಅವನ ಮುಂದಿಟ್ಟರು. “ಇದರ ಮ್ಯಾಲೆ ಕೈ ಇಟ್ಟು ಹೇಳಿಬಿಡು. ನಾವು ನಂಬ್ತೇವಿ.”

ಪ್ರಭುದಾಸ ಕೈ ಮುಂದೆ ತಂದ. ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ತೆಗೆದುಕೊಂಡ.

“ಬ್ಯಾಡ ಅಣ್ಣಾ. ಸುಳ್ಳ ಹೇಳೂ ಮುಂದ ಎಲ್ಲಾ ಆಣಿ ಖರ್ಚ ಮಾಡೀನಿ. ಖರೇ ಹೇಳಾಕ ಅಂತ ಒಂದೂ ಉಳಿಸ್ಕೊಂಡಿಲ್ಲ.”

ಆಮೇಲೆ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವಳು ತಲೆ ಎತ್ತಲಿ ಎಂದು ನಾನು ಎಷ್ಟು ಬೇಡಿಕೊಂಡೆ. ಎತ್ತಲಿಲ್ಲ.

ಅವನು ಅಂದೇನೂ ಕುಡಿಯಲು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಸಲೋಮಿ ನಮ್ಮನ್ನೆಲ್ಲ ಬಟ್ಟೆಯಿಂದ ಬಾಚಿ ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಮೇಲಿನ ಹಲಗೆಗೆ ತಳ್ಳಿದಳು. ಸಾರದ ಸೀಸೆಗಳನ್ನು ಕಪಾಟಿನಲ್ಲಿಟ್ಟು ಕೀಲಿ ತಿರುಗಿಸಿದಳು. ಆಗ ಪ್ರಭುದಾಸ ಊಟಕ್ಕೆ ಕೂತಿದ್ದ. ಕೀಲಿ ತಿರುಗಿದ ಸದ್ದಿಗೆ ಅವನ ಕೈ ತಟ್ಟೆಯಲ್ಲೇ ನಿಂತಿತು. ನಾಲ್ಕನೆಯ ದಿನ ಒಂದು ಚೀಲ ತೆಗೆದುಕೊಂಡು ಗದಗಕ್ಕೆ ಹೋದ. ಅಲ್ಲಿ ಕೆಲಸ ಹಾಕಿಸಿಕೊಂಡನಂತೆ, ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದನಂತೆ. ಹದಿನೈದು ದಿನಕ್ಕೆ ಯೋಹಾನಪ್ಪ ಸುದ್ದಿ ತಂದರು, ಮತ್ತೆ ಶುರು ಮಾಡಿದ್ದಾನೆ ಎಂದು. “ಬರೇ ಒಂದ್ ನೈಂಟಿ ಅಲ್ಲಾ ಅಂತ ಆವತ್ತ ನಾವು ಸುಮ್ನ ಬಿಟ್ಟಿದ್ರೂ ಇದ ಆಗ್ತಿತ್ತು ತಂಗಿ. ಕುಡದವರು ಬಿಡೂದಿಲ್ಲ,” ಎಂದರು. “ಹೌದ್ರಿ ಭಾವಾರ,” ಎಂದಳು ಸಲೋಮಿ. ತಾನು ಹೇಳಿದ್ದು ಸರಿಯಾಯಿತಲ್ಲ ಎಂಬ ಒಂದು ಕಹಿ ಸಮಾಧಾನ ಅವಳ ದನಿಯಲ್ಲಿತ್ತು. ಅದನ್ನು ಕೇಳಿ ನನಗೆ ಅವಳ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಕ್ರಿಸ್‌ಮಸ್ಸಿನ ಕೇಕನ್ನು ಎಲ್ಲರೂ ಹೊಗಳಿದರಂತೆ. ಇಷ್ಟು ವರ್ಷದಲ್ಲಿ ಇಂಥದು ತಿಂದಿಲ್ಲ ಎಂದರಂತೆ. ಅವಳು ಒಂದು ತುಂಡನ್ನೂ ಬಾಯಿಗಿಡಲಿಲ್ಲ ಎಂದು ಯೋಹಾನಪ್ಪನ ಬಾಯಿಯಿಂದ ಕೇಳಿದೆ.

ಫೆಬ್ರವರಿ ಕೊನೆಗೆ ಒಂದು ಮಧ್ಯಾಹ್ನ ಅವಳು ಹಲಗೆ ಒರೆಸುತ್ತಾ ನಮ್ಮ ಡಬ್ಬಿ ಕೆಳಗಿಳಿಸಿದಳು. ಬಳಸಿದ ಕೋಡನ್ನು ಒಣಗಿಸಿ ಸಕ್ಕರೆಯಲ್ಲಿ ಹೂತಿಟ್ಟರೆ ಸಕ್ಕರೆಗೆ ಪರಿಮಳ ಬರುತ್ತದೆ, ಅದಕ್ಕೆ. ಮುಚ್ಚಳ ತೆಗೆದಳು. ಮೂರು ತಿಂಗಳು ಒಬ್ಬರ ಮೇಲೊಬ್ಬರು ಬಿದ್ದುಕೊಂಡು ನಾವು ಕುಡಿದದ್ದರಲ್ಲಿ ಸ್ವಲ್ಪ ಕೆಳಗೆ ಬಿಟ್ಟಿದ್ದೆವು. ಡಬ್ಬಿಯ ತಳದಲ್ಲಿ ಕಪ್ಪು ಬ್ರಾಂಡಿ ನಿಂತಿತ್ತು.

ಅವಳು ಅದನ್ನೇ ನೋಡುತ್ತಾ ನಿಂತಳು. ಡಬ್ಬಿಗೆ ಬರೇ ಕೋಡು ಹಾಕಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮೆಲ್ಲಗೆ ಕೈ ಹಾಕಿ ಎಲ್ಲರಿಗಿಂತ ಮೇಲಿದ್ದ ನನ್ನನ್ನು ಎತ್ತಿದಳು, ಎರಡು ಬೆರಳ ನಡುವೆ ಹಿಡಿದು ಹಿಂಡಿದಳು. ಬ್ರಾಂಡಿ ಅವಳ ಮಣಿಕಟ್ಟಿನವರೆಗೆ ಇಳಿಯಿತು. ತಕ್ಕಡಿ ತಂದಳು. ಡಬ್ಬಿಯಷ್ಟೇ ದೊಡ್ಡ ಇನ್ನೊಂದು ಡಬ್ಬಿಯನ್ನು ಮೊದಲು ಇಟ್ಟು ಅದರ ತೂಕ ಕಳೆದು ನಮ್ಮನ್ನಿಟ್ಟಳು. ನೂರ ಅರವತ್ತು ಗ್ರಾಂ. ಎಪ್ಪತ್ತೈದು ಗ್ರಾಂ ಇದ್ದವರು ನಾವು. ಮಿಕ್ಕಿದ್ದನ್ನು ಬಟ್ಟೆ ಕುಡಿದಿತ್ತು.

“ಯೇಸಪ್ಪಾ,” ಎಂದಳು. ಅಷ್ಟು ಮೆಲ್ಲಗೆ ಎಂದಳು. ಆಮೇಲೆ ತಕ್ಕಡಿಯ ಮುಂದೆಯೇ ಕೂತು ಎದೆ ಬಡಿದುಕೊಂಡು ಅತ್ತಳು. ನಾನು ಯಾರ ಅಳುವನ್ನೂ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಸಾಯುವವರೆಗೆ ಮರೆಯುವುದಿಲ್ಲ.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ಅವಳು ಗದಗಕ್ಕೆ ಹೊರಟಳು. ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ತುಟಿ ಅಲುಗುತ್ತಿತ್ತು. ಹೇಗೆ ಹೇಳಬೇಕು, ಯಾವ ಮಾತು ಮೊದಲು, ಕಾಲು ಹಿಡಿಯುವುದು ಮೊದಲೋ ಡಬ್ಬಿ ತೋರಿಸುವುದು ಮೊದಲೋ ಎಂದು ಲೆಕ್ಕ ಹಾಕುತ್ತಿದ್ದಳು. ನನಗೂ ಆಸೆ ಹುಟ್ಟಿತು. ನಾವು ಮಾಡಿದ್ದನ್ನು ನಾವೇ ಸರಿಮಾಡಲು ಹೊರಟಿದ್ದೇವೆ ಎಂದುಕೊಂಡೆ.

ಕೋಣೆಯ ಬಾಗಿಲು ತೆರೆದೇ ಇತ್ತು. ಪ್ರಭುದಾಸ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ಗಡ್ಡ ಬಿಟ್ಟಿದ್ದ, ಕುತ್ತಿಗೆಯ ಎಲುಬು ಎದ್ದಿತ್ತು. ಹೆಂಡತಿಯನ್ನು ಕಂಡು ಎದ್ದು ನಿಲ್ಲಲು ನೋಡಿ, ಆಗದೆ, ನಾಚಿಕೊಂಡು ಅಂಗಿಯ ಗುಂಡಿ ಹಾಕಿಕೊಂಡ.

“ಬಾ, ಸಲೋಮಿ. ಚಹಾ ತರಿಸ್ಲೇನು?”

ಅವಳು ಅವನ ಎದುರಿಗೆ ನೆಲದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದಳು. ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಹಿಂದುಮುಂದಾಯಿತು.

“ನೀವು ಕುಡದಿದ್ದಿಲ್ರಿ. ಇವು ಕುಡದಿದ್ವು. ನೋಡ್ರಿಲ್ಲೆ, ಹಿಂಡಿದ್ರ ಹ್ಯಾಂಗ ಬರ್ತೈತಿ ನೋಡ್ರಿ. ನಾ ತೂಕ ಮಾಡಿ ನೋಡಿದೆ. ಒಣದ್ರಾಕ್ಷಿ ಹೀರ್ತೈತಿ ಅಂತ ಗೊತ್ತಿದ್ದಾಕಿ, ಇದು ಗೊತ್ತಾಗಲಿಲ್ಲ ನನಗ. ನಿಮ್ಮನ್ನ ಅಣ್ಣನ ಮುಂದ ಕುಂದ್ರಿಸಿ ಕಳ್ಳನಂಗ ಕೇಳಿದೆ. ತಪ್ಪಾತ್ರಿ. ಮನಿಗೆ ಬರ್ರಿ.”

ಅವನು ಅವಳ ಮಾತು ಕೇಳುತ್ತಿದ್ದ. ಆದರೆ ಅವನ ಕಣ್ಣು ಅವಳ ಮೇಲಿರಲಿಲ್ಲ. ಡಬ್ಬಿಯ ತಳದಲ್ಲಿತ್ತು. ಬೆಳಗಿನಿಂದ ಅವನಿಗೆ ಕುಡಿಯಲು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಬೆರಳುಗಳು ಚಾಪೆಯ ಮೇಲೆ ತಾವಾಗಿಯೇ ಕುಣಿಯುತ್ತಿದ್ದವು.

“ನನಗ ಗೊತ್ತಿತ್ತಲ್ಲ, ನಾ ಕುಡದಿಲ್ಲಂತ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನಗ ಗೊತ್ತಾಗಬೇಕಾಗಿತ್ತು.”

“ಈಗ ಗೊತ್ತಾತಲ್ರಿ.”

“ಹೂಂ,” ಎಂದು ಅವನು ಎರಡೂ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡ. ಅವಳು ನೋಡಲಿಕ್ಕೆಂದು ಕೊಟ್ಟಳು. ಅವನು ಅದನ್ನು ತುಟಿಗೆ ಹಚ್ಚಿ ತಳದಲ್ಲಿದ್ದುದನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಬಾಯಿಯ ಮೇಲೆ ಹಿಡಿದು ಹಿಂಡಿದ. ನನ್ನ ಸರದಿಯೂ ಬಂತು. ಆ ಬೆರಳುಗಳು ನನಗೆ ಗುರುತಿನವು, ಎಷ್ಟೋ ಭಾನುವಾರ ಗಾಜಿನ ಆಚೆ ನೋಡಿದ್ದೆ. ಇದ್ದ ಹನಿಯನ್ನೆಲ್ಲ ಬಿಟ್ಟುಕೊಟ್ಟೆ. ಬಿಡಬಾರದೆಂದು ಎಷ್ಟು ಬಿಗಿಹಿಡಿದರೂ ಕೋಡಿಗೆ ಅಷ್ಟು ಶಕ್ತಿ ಎಲ್ಲಿಯದು.

ಸಲೋಮಿ ತಡೆಯಲಿಲ್ಲ. ಕೈ ಮಡಿಲಲ್ಲಿ ಬಿದ್ದಿತ್ತು.

ಇಪ್ಪತ್ತೈದನೆಯವನನ್ನೂ ಹಿಂಡಿ ಡಬ್ಬಿಗೆ ಹಾಕಿ, ಬಾಯಿ ಒರೆಸಿಕೊಂಡು, ಅವನು ಮೊದಲ ಸಲ ಅವಳ ಮುಖ ನೋಡಿದ.

“ಅಳಬ್ಯಾಡ ಸಲೋಮಿ,” ಎಂದ. “ನಿನ್ನ ಮಾತು ಸುಳ್ಳಾಗಲಿಲ್ಲ ನೋಡು. ಈಗ ಕುಡದೆ.”

ಅವಳು ಖಾಲಿ ಡಬ್ಬಿಯಲ್ಲಿ ನಮ್ಮನ್ನು ಹೊತ್ತುಕೊಂಡು ಒಬ್ಬಳೇ ಹುಬ್ಬಳ್ಳಿಗೆ ಬಂದಳು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಮುಂದೆ ಎದ್ದು ನಿಂತು, ನನ್ನ ಗಂಡ ಆವತ್ತು ಕುಡಿದಿರಲಿಲ್ಲ, ನಾನು ಸುಳ್ಳು ಅಪವಾದ ಹೊರಿಸಿದೆ ಎಂದು ಹೇಳಿದಳಂತೆ. ಹಿಂದಿನ ಬೆಂಚಿನಿಂದ ಯಾರೋ ಮುದುಕಿ, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ, “ಈಗ ಕುಡೀತಾನಲ್ಲವಾ?” ಎಂದು ಕೇಳಿದಳಂತೆ. ಸಲೋಮಿ ಹೌದೆಂದು ಹೇಳಿ ಕೂತುಕೊಂಡಳಂತೆ. ಇದನ್ನೆಲ್ಲ ಅವಳು ಯೋಹಾನಪ್ಪನಿಗೆ ಅಡುಗೆಮನೆಯಲ್ಲಿ ಹೇಳುವಾಗ ನಾನು ಕೇಳಿದೆ. ಅವರು ಆ ದಿನವೂ ಚಹಾ ಮುಟ್ಟಲಿಲ್ಲ, ತಲೆ ತಗ್ಗಿಸಿಕೊಂಡೇ ಎದ್ದುಹೋದರು.

ಈಗ ನಾನು ಸಕ್ಕರೆಯ ಡಬ್ಬಿಯಲ್ಲಿದ್ದೇನೆ. ಮತ್ತೆ ಒಣಗಿ ಮೊದಲಿಗಿಂತ ಸಣ್ಣಗಾಗಿದ್ದೇನೆ. ಪರಿಮಳ ಮುಗಿಯುತ್ತಾ ಬಂದಿದೆ. ಇದೇ ನನ್ನ ಕೊನೆಯ ಮನೆ. ವಾರಕ್ಕೊಮ್ಮೆ ಸಲೋಮಿ ಊಟದ ಡಬ್ಬಿ ಕಟ್ಟಿಕೊಂಡು ಗದಗಕ್ಕೆ ಹೋಗುತ್ತಾಳೆ. ಅವನು ಕೆಲವು ಸಲ ಉಣ್ಣುತ್ತಾನೆ, ಕೆಲವು ಸಲ ಗುರುತು ಹಿಡಿಯುವ ಸ್ಥಿತಿಯಲ್ಲೇ ಇರುವುದಿಲ್ಲ. ಅವನಿಗೆಂದು ಪಾಯಸ ಮಾಡುವಾಗ ಅವಳು ಈ ಡಬ್ಬಿಯಿಂದಲೇ ಸಕ್ಕರೆ ತೆಗೆಯುತ್ತಾಳೆ. ಆಗ ಬೆರಳಿಗೆ ನಾನು ತಾಗುತ್ತೇನೆ. ಕಿತ್ತು ಬಚ್ಚಲಿಗೆ ಎಸೆಯುತ್ತಾಳೆ, ಇಲ್ಲ ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಪ್ರತಿ ಸಲವೂ ಕಾಯುತ್ತೇನೆ. ಅವಳು ಮೆತ್ತಗೆ ಪಕ್ಕಕ್ಕೆ ಸರಿಸಿ, ಸಕ್ಕರೆಯನ್ನು ಅಳೆಯದೆ ತೆಗೆದುಕೊಳ್ಳುತ್ತಾಳೆ.